ಜೋಯೆಲಿ ವಿದಿರಿ ಮತ್ತು ನಮ್ಮ ಘಟಕದ ತೂಕದ ಯಂತ್ರ

ಗಟ್ಟಿಮುಟ್ಟಾದ ಯುವಕನೊಬ್ಬ ಡಯಾಲಿಸಿಸ್‌ಗೆ ಬಂದು ಸೇರಿದಾಗಲೆಲ್ಲ ನನಗೆ ಜೋಯೆಲಿ ವಿದಿರಿ ನೆನಪಾಗುತ್ತಾರೆ. 1973ರಲ್ಲಿ ಫಿಜಿಯಲ್ಲಿ ಹುಟ್ಟಿದ ಈ ರಗ್ಬಿ ಆಟಗಾರ ಮೊದಲು ತಾಯ್ನಾಡಿಗೆ ಆಡಿದರು, ನಂತರ ನ್ಯೂಜಿಲೆಂಡ್‌ಗೆ ಹೋಗಿ ಅಲ್ಲಿನ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್‌ನ ಕಪ್ಪು ಅಂಗಿಯನ್ನೂ ತೊಟ್ಟರು. ಅಲ್ಲಿನ ಕೌಂಟೀಸ್ ಮನುಕೌ ಎಂಬ ಪ್ರಾಂತೀಯ ತಂಡದಲ್ಲಿ ಮೈದಾನದ ಒಂದು ಅಂಚಿನಲ್ಲಿ ಅವರು ಓಡುತ್ತಿದ್ದರೆ ಇನ್ನೊಂದು ಅಂಚಿನಲ್ಲಿ ನ್ಯೂಜಿಲೆಂಡ್‌ನ ಹೆಸರಾಂತ ಆಟಗಾರ ಜೋನಾ ಲೋಮು. 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಕ್ರೀಡಾಕೂಟದ ರಗ್ಬಿ ಸೆವೆನ್ಸ್‌ನಲ್ಲಿ (ಏಳು ಜನರ ತಂಡದ ರಗ್ಬಿ) ನ್ಯೂಜಿಲೆಂಡ್ ಪರ ಇಬ್ಬರೂ ಚಿನ್ನ ಗೆದ್ದರು. ಫೈನಲ್‌ನಲ್ಲಿ ಸೋತದ್ದು ವಿದಿರಿ ಹುಟ್ಟಿದ ಫಿಜಿ.

ಆ ಇಬ್ಬರನ್ನೂ ಕೆಡವಿದ್ದು ಮೂತ್ರಪಿಂಡ. ವಿದಿರಿ 2001ರಲ್ಲಿ, ಮೂವತ್ತು ದಾಟುವ ಮೊದಲೇ ಆಟ ಬಿಡಬೇಕಾಯಿತು. ಮುಂದೆ ವರ್ಷಗಟ್ಟಲೆ ಡಯಾಲಿಸಿಸ್, ಆಮೇಲೆ ಕಸಿ. 2022ರಲ್ಲಿ ತೀರಿಕೊಂಡಾಗ ಅವರಿಗೆ 48. ಲೋಮು 2015ರಲ್ಲಿಯೇ, 40ನೇ ವಯಸ್ಸಿನಲ್ಲಿ ಹೋಗಿದ್ದರು. ಅಂಥ ಮೈಕಟ್ಟಿನವರಿಗೂ ಹೀಗಾಗುತ್ತದೆಯೇ ಎಂದು ಜನ ಬೆರಗಾಗುತ್ತಾರೆ. ಡಯಾಲಿಸಿಸ್ ತಂತ್ರಜ್ಞನಾಗಿ ನನಗೆ ಆ ಮೈಕಟ್ಟಿನ ಮೇಲೆಯೇ ಹೆಚ್ಚು ಕಣ್ಣು.

ಯಾಕೆಂದರೆ ನಮ್ಮ ಕೆಲಸವೆಲ್ಲ ನಿಂತಿರುವುದು ಡ್ರೈ ವೇಟ್ ಎಂಬ ಒಂದು ಅಂಕಿಯ ಮೇಲೆ. ದೇಹದಲ್ಲಿ ಹೆಚ್ಚುವರಿ ನೀರು ಇಲ್ಲದಾಗಿನ ತೂಕ ಅದು. ರೋಗಿ ಬಂದಾಗ ತೂಗುತ್ತೇವೆ, ಎಷ್ಟು ಹೆಚ್ಚಿದೆಯೋ ಅಷ್ಟು ನೀರನ್ನು ನಾಲ್ಕು ಗಂಟೆಯಲ್ಲಿ ಯಂತ್ರದಿಂದ ತೆಗೆಯುತ್ತೇವೆ. ಆದರೆ ಮೂಟೆ ಹೊತ್ತು ಬೆಳೆದ ತೋಳು, ತೊಡೆ ಕಾಯಿಲೆಯಲ್ಲಿ ಬೇಗ ಕರಗುತ್ತವೆ. ಕರಗಿದ ಮಾಂಸಖಂಡದ ಜಾಗಕ್ಕೆ ನೀರು ಬಂದು ಕೂರುತ್ತದೆ. ತೂಕದ ಯಂತ್ರ ಹಳೆಯ ಅಂಕಿಯನ್ನೇ ತೋರಿಸುತ್ತದೆ. ರೋಗಿಯ ಎದೆಯಲ್ಲಿ ಮಾತ್ರ ನೀರು ಏರುತ್ತಿರುತ್ತದೆ.

ಎಪಿಎಂಸಿ ಅಂಗಳದಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬರು ನಮ್ಮಲ್ಲಿಗೆ ಬರುತ್ತಾರೆ. ಒಂದು ದಿನ ತೂಕದ ಯಂತ್ರದ ಮೇಲೆ ನಿಂತೇ ಕೇಳಿದರು: "ಸರ್, ತೂಕ ಸರಿಯಾಗಿಯೇ ಇದೆಯಲ್ಲ, ರಾತ್ರಿ ಯಾಕೆ ಉಸಿರು ಕಟ್ಟುತ್ತದೆ?"

"ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಣ್ಣ?"

"ಮೊದಲು ಒಂದು. ಈಗ ಮೂರು."

ಎದೆಯಲ್ಲಿ ನೀರಿದ್ದರೆ ತಲೆ ಎತ್ತರಿಸಿ ಮಲಗಿದಾಗಲೇ ಉಸಿರಾಟ ಸಲೀಸು. ಕಾಲಿನಲ್ಲಿ ಊತವಿರಲಿಲ್ಲ. ಆದರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇರುವ ಕೈ ಬಿಟ್ಟು ಇನ್ನೊಂದು ಕೈಗೆ ರಕ್ತದೊತ್ತಡದ ಪಟ್ಟಿ ಕಟ್ಟುವಾಗ ಅದು ಮೊದಲಿಗಿಂತ ಒಂದು ಸುತ್ತು ಹೆಚ್ಚು ಬಂತು. ತೋಳು ಸಣ್ಣಗಾಗಿತ್ತು. ವೈದ್ಯರಿಗೆ ತಿಳಿಸಿದೆವು. ಎದೆಯ ಎಕ್ಸ್-ರೇ ನೋಡಿ ಅವರು ಡ್ರೈ ವೇಟ್ ಇಳಿಸಲು ಹೇಳಿದರು. ಒಂದೇ ಸಲಕ್ಕಲ್ಲ, ಪ್ರತಿ ಬಾರಿ ಅರ್ಧ ಕಿಲೋದಂತೆ. ಅವಸರ ಮಾಡಿದರೆ ರಕ್ತದೊತ್ತಡ ಕುಸಿಯುತ್ತದೆ, ಕಾಲು ಸೆಳೆತ ಹಿಡಿಯುತ್ತದೆ, ರೋಗಿ ಅರ್ಧಕ್ಕೇ ಎದ್ದು ಹೋಗುವ ಮನಸ್ಸು ಮಾಡುತ್ತಾನೆ. ಕೆಲವು ವಾರಗಳಲ್ಲಿ ದಿಂಬು ಒಂದಕ್ಕೆ ಇಳಿಯಿತು.

ಕೈಕಾಲು ಗಟ್ಟಿಯಿರುವ ಯುವಕರು ಇನ್ನೊಂದು ಕಾರಣಕ್ಕೂ ಕಷ್ಟ: "ನನಗೇನಾಗಿದೆ" ಎಂದು ಒಂದು ಸರದಿ ತಪ್ಪಿಸುತ್ತಾರೆ. ಅವರಿಗೆ ನಾನು ವಿದಿರಿಯ ಹೆಸರು ಹೇಳುತ್ತೇನೆ. ಫಿಜಿ ಎಲ್ಲಿದೆ ಎಂದು ಮೊಬೈಲ್‌ನಲ್ಲಿ ತೋರಿಸುತ್ತೇನೆ. ಅಷ್ಟು ವೇಗದ ಮನುಷ್ಯ ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡು ಕಸಿಯವರೆಗೆ ತಲುಪಿದರು ಎಂದರೆ ಹುಡುಗರು ಕಿವಿಗೊಡುತ್ತಾರೆ.

ಹೊಸದಾಗಿ ಕೆಲಸಕ್ಕೆ ಸೇರಿದ ತಂತ್ರಜ್ಞರಿಗೆ ಈಗ ನಾವು ಮೊದಲ ವಾರದಲ್ಲಿಯೇ ಹೇಳಿಕೊಡುವುದು ಇಷ್ಟು: ತೂಕ ಬರೆಯುವ ಮೊದಲು ಊಟ ಹೇಗೆ ಸೇರುತ್ತಿದೆ, ಬಟ್ಟೆ ಸಡಿಲವಾಗಿದೆಯೇ, ರಾತ್ರಿ ಎಷ್ಟು ದಿಂಬು ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಅಂಕಿಯ ಪಕ್ಕದಲ್ಲಿಯೇ ಬರೆಯಿರಿ.