ಕೀಚಕನಿಗೆ ಎದುರುತ್ತರವಿಲ್ಲದ ಕಡೆ

ಕೂಗಿ ಎಂಬ ಹೆಸರಿನಲ್ಲಿ ಬರೆಯುವ ಕೊರಿಯಾದ ಕಲಾವಿದರು 2016ರಿಂದ 2019ರ ತನಕ ಲೆಝಿನ್ ಜಾಲತಾಣದಲ್ಲಿ ಕಂತುಕಂತಾಗಿ ಪ್ರಕಟಿಸಿದ ‘ಕಿಲ್ಲಿಂಗ್ ಸ್ಟಾಕಿಂಗ್’ ಎಂಬ ವೆಬ್‌ಟೂನನ್ನು, ಅಂದರೆ ಮೊಬೈಲಿನಲ್ಲಿ ಓದುವ ಚಿತ್ರಕಥೆಯನ್ನು, ನಾನು ಓದಿದ್ದು ತಡವಾಗಿ, ಅದೂ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿರುವ ಅಣ್ಣನ ಮಗಳ ಒತ್ತಾಯಕ್ಕೆ. ವಯಸ್ಕರಿಗೆಂದೇ ಬರೆದ ಕಥೆಯಿದು. ಯೂನ್ ಬಮ್ ಎಂಬ ಒಂಟಿ ಯುವಕನು ಓ ಸಾಂಗ್‌ವೂ ಎಂಬ ಸುಂದರನ, ಎಲ್ಲರಿಗೂ ಬೇಕಾದವನ ಮೇಲೆ ಮನಸ್ಸಿಟ್ಟು, ಅವನ ಬೆನ್ನು ಬಿದ್ದು, ಕೊನೆಗೆ ಅವನಿಲ್ಲದ ಹೊತ್ತು ನೋಡಿ ಅವನ ಮನೆಯೊಳಗೇ ನುಗ್ಗುತ್ತಾನೆ. ನೆಲಮಾಳಿಗೆಯಲ್ಲಿ ಕಾಣಿಸುವುದು ಕಟ್ಟಿಹಾಕಿದ ಹೆಂಗಸು. ಅಷ್ಟರಲ್ಲಿ ಸಾಂಗ್‌ವೂ ಬರುತ್ತಾನೆ, ಬಮ್‌ನ ಕಾಲು ಮುರಿಯುತ್ತಾನೆ, ಅವನನ್ನೂ ಅಲ್ಲೇ ಕೂಡಿಹಾಕುತ್ತಾನೆ.

ಮುಂದಿನದನ್ನು ಪ್ರೇಮಕಥೆಯೆಂದು ಓದುವವರು ಬಹಳ ಮಂದಿ ಇದ್ದಾರೆ. ಅವರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ, ಏಕೆಂದರೆ ಆ ಓದಿಗೆ ಬೇಕಾದ ದಾರಿಯನ್ನು ಕಥೆಯೇ ಅಲ್ಲಲ್ಲಿ ತೆರೆದಿಡುತ್ತದೆ. ಸಾಂಗ್‌ವೂ ಸದಾ ಕ್ರೂರಿಯಾಗಿದ್ದರೆ ಬಮ್‌ಗೆ ದ್ವೇಷಿಸುವುದು ಸುಲಭವಾಗುತ್ತಿತ್ತು. ಆದರೆ ಅವನು ಒಂದು ದಿನ ಹೊಡೆದು ಇನ್ನೊಂದು ದಿನ ಎದುರು ಕೂರಿಸಿ ಉಣಬಡಿಸುತ್ತಾನೆ, ಮತ್ತು ಇಂದು ಯಾವ ಮುಖ ಎಂಬುದು ಸೆರೆಯಾಳಿಗೆ ಎಂದೂ ಮೊದಲೇ ತಿಳಿಯುವುದಿಲ್ಲ. ಯಾವಾಗ ಸಿಗುತ್ತದೆಂದು ತಿಳಿಯದ ದಯೆ ದಿನವೂ ಸಿಗುವ ದಯೆಗಿಂತ ಬಿಗಿಯಾಗಿ ಕಟ್ಟಿಹಾಕುತ್ತದೆ. ಮನೆಯೊಳಗೆ ಹೊಡೆತ ತಿನ್ನುವ ಹೆಂಗಸರು ಏಕೆ ಬಿಟ್ಟು ಬರುವುದಿಲ್ಲ ಎಂದು ಕೇಳುವವರು ಈ ಭಾಗವನ್ನು ಓದಬೇಕು. ಹೊರಗಿನವರ ಮಾತು ಕಿವಿಗೆ ಬೀಳದಂತಾದ ಮೇಲೆ ಹೊಡೆಯುವವನ ಮುಖಭಾವವೇ ಬಮ್‌ಗೆ ಪಂಚಾಂಗವಾಗುತ್ತದೆ.

ಇದಕ್ಕೆ ವೆಬ್‌ಟೂನಿನ ರೂಪವೂ ನೆರವಾಗುತ್ತದೆ. ಅಚ್ಚಿನ ಪುಟದಲ್ಲಿ ಮುಂದಿನ ಚಿತ್ರ ಕಣ್ಣಂಚಿನಲ್ಲಿ ಮೊದಲೇ ಕಂಡಿರುತ್ತದೆ. ಮೊಬೈಲಿನಲ್ಲಿ ಚಿತ್ರಗಳು ಒಂದರ ಕೆಳಗೊಂದು ಬರುವುದರಿಂದ, ಎರಡು ಚಿತ್ರಗಳ ನಡುವೆ ಬಿಟ್ಟ ಕಪ್ಪು ಜಾಗದ ಉದ್ದವೇ ಕಥೆಯ ಕಾಲವಾಗುತ್ತದೆ, ಮತ್ತು ಆ ಕತ್ತಲೆಯನ್ನು ಸರಿಸುವುದು ಓದುಗರ ಹೆಬ್ಬೆರಳೇ. ಬಾಗಿಲ ಹಿಂದೆ ಏನಿದೆಯೆಂದು ಬಮ್ ಇಣುಕುವಾಗ ನಾವೂ ಇಣುಕುತ್ತೇವೆ. ಅಷ್ಟು ಹತ್ತಿರದಲ್ಲಿ ಆ ಚೆಲುವ ಮುಖವನ್ನು ನೋಡುತ್ತಾ ನೋಡುತ್ತಾ ನಮ್ಮ ವಿವೇಚನೆ ಸ್ವಲ್ಪ ಸಡಿಲವಾಗುವುದು ಸಹಜ.

ನಮ್ಮ ಕಾಸರಗೋಡಿನ ಕಡೆಯವರಿಗೆ ಗೀಳಿನ ಪ್ರೇಮವೇನೂ ಹೊಸದಲ್ಲ. ಕೀಚಕವಧೆಯ ತಾಳಮದ್ದಳೆಯನ್ನು, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಕೇಳದವರು ನನ್ನ ತಲೆಮಾರಿನಲ್ಲಿ ಕಡಿಮೆ. ಅಲ್ಲಿ ಕೀಚಕ ತನ್ನ ಬಯಕೆಯನ್ನು ವಿರಹವೆಂದು ಕರೆಯುತ್ತಾನೆ, ಅಕ್ಕ ಸುದೇಷ್ಣೆಯನ್ನು ಒಲಿಸಿಕೊಂಡು ಮದ್ಯ ತರುವ ನೆಪದಲ್ಲಿ ಸೈರಂಧ್ರಿಯನ್ನು ತನ್ನ ಮನೆಗೇ ಬರುವಂತೆ ಮಾಡುತ್ತಾನೆ. ಪಾತ್ರದ ಮಾತನ್ನಾಡುವ ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಆ ವಾದ ಕೇಳುವವರನ್ನೂ ಅರೆಗಳಿಗೆ ತಲೆದೂಗುವಂತೆ ಮಾಡುತ್ತದೆ. ಆದರೆ ಅದೇ ವೇದಿಕೆಯಲ್ಲಿ, ಎದುರಿಗೇ, ಸೈರಂಧ್ರಿಯ ಅರ್ಥಧಾರಿ ಕುಳಿತಿರುತ್ತಾರೆ. ಕೀಚಕನ ಒಂದೊಂದು ಮಾತಿನ ಎಳೆಯನ್ನೂ ಹಿಡಿದು, ಅದು ಪ್ರೇಮವಲ್ಲವೆಂದು ಸಭೆಯ ಮುಂದೆ ಬಿಡಿಸಿಡುವುದು ಅವರ ಕೆಲಸ. ಸಾಂಗ್‌ವೂನ ಮನೆಯಲ್ಲಿ ಈ ಎದುರುತ್ತರ ಇಲ್ಲ. ಅವನು ಹೇಳಿದ್ದು ಹೇಳಿದಂತೆಯೇ ಉಳಿಯುತ್ತದೆ, ಬಮ್ ಅದನ್ನೇ ತನ್ನ ಮನಸ್ಸಿನ ಮಾತಾಗಿ ಮತ್ತೆ ಹೇಳಿಕೊಳ್ಳುತ್ತಾನೆ.

ಹಳಗನ್ನಡದ ಕವಿ ಜನ್ನನೂ ಇಂಥವನೊಬ್ಬನನ್ನು ಬರೆದಿದ್ದಾನೆ. 1230ರ ‘ಅನಂತನಾಥಪುರಾಣ’ದಲ್ಲಿ ಚಂಡಶಾಸನನು ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ, ಅವಳು ಒಲಿಯದಿದ್ದಾಗ ಗಂಡನದೆಂದು ಮಾಯೆಯ ತಲೆಯೊಂದನ್ನು ತೋರಿಸುತ್ತಾನೆ. ಅವಳು ಸತ್ತ ಮೇಲೆ ತಾನೂ ಅವಳ ಚಿತೆಯನ್ನೇರುತ್ತಾನೆ. ಆ ಸಾವಿಗೆ ಒಂದು ಬಗೆಯ ಭವ್ಯತೆ ಒದಗಿಬಿಡುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೂ ಜನ್ನ ಸುನಂದೆಯ ಮನಸ್ಸನ್ನು ಒಂದಿಷ್ಟೂ ಕದಲಿಸುವುದಿಲ್ಲ. ಚಂಡಶಾಸನನ ಬೆಂಕಿ ಎಷ್ಟೇ ದೊಡ್ಡದಿರಲಿ, ಅದು ಅವನೊಬ್ಬನದೇ.

ವೆಬ್‌ಟೂನಿನಲ್ಲಿ ನನಗೆ ತಕರಾರು ಇರುವುದು ಸಾಂಗ್‌ವೂನ ಬಾಲ್ಯ ತೆರೆದುಕೊಳ್ಳುವ ಕಂತುಗಳ ಬಗ್ಗೆ. “ಅಷ್ಟು ಕಷ್ಟಪಟ್ಟವ ಅವ, ಅತ್ತೆ” ಎಂದು ಅಣ್ಣನ ಮಗಳು ವಾದಿಸುತ್ತಾಳೆ. ಹೌದು, ಆ ಮನೆಯಲ್ಲಿ ಬೆಳೆದ ಮಗುವಿನ ಮೇಲೆ ಮರುಕ ಹುಟ್ಟದಿದ್ದರೆ ನಾವೂ ಮನುಷ್ಯರಲ್ಲ. ಆದರೆ ಮರುಕ ಹುಟ್ಟಿಸುವ ಈ ಭಾಗಗಳಲ್ಲಿ ಅವನ ಕೈಯಲ್ಲಿ ಸತ್ತವರಿಗೆ ಒಂದು ಚಿತ್ರದಷ್ಟೂ ಜಾಗ ಉಳಿಯುವುದಿಲ್ಲ; ಅವರಿಗೂ ಬಾಲ್ಯವೊಂದು ಇದ್ದಿರಲೇಬೇಕಲ್ಲ.

ಕಥೆ ಶುರುವಾದಾಗ ಕೊರಿಯಾದಲ್ಲಿ ಬೆನ್ನು ಬೀಳುವುದು ದಂಡ ಕಟ್ಟಿ ಮುಗಿಸುವ ಸಣ್ಣ ಅಪರಾಧವಾಗಿತ್ತು, ಪ್ರತ್ಯೇಕ ಕಾನೂನು ಜಾರಿಗೆ ಬಂದದ್ದು 2021ರ ಅಕ್ಟೋಬರಿನಲ್ಲಿ. ನಮ್ಮಲ್ಲಿ ದಂಡ ಸಂಹಿತೆಗೆ 2013ರಲ್ಲಿ ಸೇರಿದ 354ಡಿ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಾಗಿದೆ. ಅದು ರಕ್ಷಿಸುವುದು ಹೆಂಗಸರನ್ನು ಮಾತ್ರ, ಆದ್ದರಿಂದ ಸಾಂಗ್‌ವೂ ದೂರು ಕೊಟ್ಟರೂ ಬಮ್ ಅದರ ಕೆಳಗೆ ಬರುವುದಿಲ್ಲ. ಕಥೆಯಲ್ಲಿ ಸಾಂಗ್‌ವೂನನ್ನು ಮೊದಲಿನಿಂದ ಶಂಕಿಸುವವನು ಸಂಗ್‌ಬೇ ಎಂಬ ಕಿರಿಯ ಪೊಲೀಸ್ ಒಬ್ಬನೇ. ಠಾಣೆಯಲ್ಲಿ ಅವನ ಮಾತಿಗೆ ಬೆಲೆ ಸಿಗುವುದಿಲ್ಲ, ಹೆಚ್ಚಿನ ಓದುಗರಿಗೂ ಅವನು ಬೇಸರದ ಪಾತ್ರ. ನನಗೆ ಮಾತ್ರ ಅವನು ಬರುವ ಕಂತುಗಳಲ್ಲೇ ಸರಾಗವಾಗಿ ಉಸಿರಾಡಲು ಆಗುತ್ತಿತ್ತು. ಸೈರಂಧ್ರಿಯ ಅರ್ಥ ಹೇಳಲು ಆ ಕಥೆಯಲ್ಲಿ ಯಾರಾದರೂ ಇದ್ದರೆ ಅದು ಅವನೇ, ಆದರೆ ಲೇಖಕರು ಅವನಿಗೆ ಮಾತಾಡಲು ಕೊಟ್ಟ ಸಮಯ ತೀರಾ ಕಡಿಮೆ.