ಕೆಲಸವಿಲ್ಲದಾಗ ನಿಲ್ಲುವ ಡಿಸ್ಕು

ಮುಧೋಳ, ಲೋಕಾಪುರ ಸುತ್ತಿನ ಹಳ್ಳಿಗಳಲ್ಲಿ ನಡೆಯುವ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ನಾಟಕದ ಆಟಗಳನ್ನು ನಾನು ಹಲವು ವರ್ಷಗಳಿಂದ ಚಿತ್ರೀಕರಿಸುತ್ತ ಬಂದಿದ್ದೇನೆ. ಆ ವಿಡಿಯೊಗಳೆಲ್ಲ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ, ಹಗಲು ರಾತ್ರಿ ಚಾಲೂ ಇರುವ ಸಣ್ಣ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ದಿನಕ್ಕೊಮ್ಮೆ ತೆರೆದು ನೋಡಿದರೆ ಹೆಚ್ಚು. ಆದರೂ ಹಳೆಯ ಡಿಸ್ಕು ಇಪ್ಪತ್ತನಾಲ್ಕು ತಾಸೂ ತಿರುಗುತ್ತಲೇ ಇರುತ್ತಿತ್ತು.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಇಂಥ ಬಹಳಷ್ಟು ಡಿಸ್ಕುಗಳ ವಿವರಪತ್ರದಲ್ಲಿ, ಬಳಸುವ ಜಾಗದ ಉಷ್ಣತೆ 35 ಡಿಗ್ರಿ ಮೀರಬಾರದೆಂದು ಬರೆದಿರುತ್ತದೆ. ಹೊರಗಿನ ಸೆಕೆಯ ಮೇಲೆ ತನ್ನ ಕಾವನ್ನೂ ಸೇರಿಸಿಕೊಂಡು, ಯಾರೂ ಕೇಳದ ಹೊತ್ತಿನಲ್ಲಿ ಡಿಸ್ಕು ತಿರುಗುವುದರಲ್ಲಿ ಅರ್ಥವಿಲ್ಲ ಎನ್ನಿಸಿ, ಸುಮ್ಮನಿರುವಾಗ ತಾನಾಗಿ ನಿಲ್ಲುವಂಥದ್ದನ್ನೇ ಕೊಳ್ಳಲು ಹೊರಟೆ.

ಅಂಗಡಿಯಲ್ಲಿ ನೋಡಿದ ಡಬ್ಬಿಗಳ ಮೇಲೆ ಎಷ್ಟು ಟಿಬಿ (ಟೆರಾಬೈಟ್, ಅಂದರೆ ಡಿಸ್ಕಿನಲ್ಲಿ ಹಿಡಿಯುವ ಮಾಹಿತಿಯ ಅಳತೆ), ಎಷ್ಟು ವರ್ಷದ ವಾರಂಟಿ ಎಂಬುದಿತ್ತು; ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದು ಯಾವುದರ ಮೇಲೂ ಇರಲಿಲ್ಲ. ಅದು ಇಲ್ಲದಿರುವುದಕ್ಕೆ ಕಾರಣವೂ ಇದೆ: ನಿಲ್ಲುವ ನಿರ್ಧಾರ ಒಂದೇ ಕಡೆ ಆಗುವುದಿಲ್ಲ. ಡಿಸ್ಕಿನ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ತಂತ್ರಾಂಶ, ತಾನೇ ನಿಲ್ಲಿಸಬಹುದು, ಡಿಸ್ಕು ಮತ್ತು ಯುಎಸ್‌ಬಿ ನಡುವೆ ಕೂತ ಚಿಪ್ ನಿಲ್ಲಿಸಬಹುದು, ಇಲ್ಲವೇ ಕಂಪ್ಯೂಟರೇ ಆಜ್ಞೆ ಕೊಡಬಹುದು; ಆದರೆ ನಡುವಿನ ಆ ಚಿಪ್ ಆಜ್ಞೆಯನ್ನು ಮುಂದೆ ದಾಟಿಸದಿದ್ದರೆ ಕಂಪ್ಯೂಟರಿನ ಮಾತು ಡಿಸ್ಕಿಗೆ ಮುಟ್ಟುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಕೊಳ್ಳುವ ಮೊದಲು ಪರೀಕ್ಷಿಸಬೇಕಾದದ್ದು ಮುಖ್ಯವಾಗಿ ಇದನ್ನೇ. ಅಂಗಡಿಯವರಿಗೆ ಇಷ್ಟನ್ನು ವಿವರಿಸಿದಾಗ ಅವರು ಬೇಸರಪಡದೆ, “ತಗೊಳ್ರಿ ಸರ್, ನಿಮ್ಮ ಲ್ಯಾಪ್‌ಟಾಪಿಗೇ ಹಚ್ಚಿ ನೋಡ್ರಿ” ಎಂದು ತಮ್ಮ ಬಳಕೆಯ ಎರಡು ಡಿಸ್ಕುಗಳನ್ನು ಮುಂದಿಟ್ಟರು.

ಲಿನಕ್ಸ್‌ನ ಎಚ್‌ಡಿಪಾರ್ಮ್ ಎಂಬ ತಂತ್ರಾಂಶದಲ್ಲಿ, ಎಷ್ಟು ಹೊತ್ತು ಸುಮ್ಮನಿದ್ದರೆ ಡಿಸ್ಕು ನಿಲ್ಲಬೇಕೆಂಬ ಸಮಯವನ್ನು 5 ಸೆಕೆಂಡಿನ ಲೆಕ್ಕದಲ್ಲಿ ಕೊಡಬೇಕು: 12 ಎಂದರೆ 1 ನಿಮಿಷ, 120 ಎಂದರೆ 10 ನಿಮಿಷ, 240 ಎಂದರೆ 20 ನಿಮಿಷ. ನಾನು 12 ಕೊಟ್ಟು ಕಾದೆ. 3.5 ಇಂಚಿನ ಡಿಸ್ಕು ಆಜ್ಞೆಯನ್ನು ಒಪ್ಪಲೇ ಇಲ್ಲ. ಮೇಲಾಗಿ ಅದಕ್ಕೆ 12 ವೋಲ್ಟಿನ ಬೇರೆ ಅಡಾಪ್ಟರ್ ಬೇಕಿತ್ತು, ಅಂದರೆ ಕರೆಂಟು ಹೋದಾಗಲೆಲ್ಲ ಇನ್ವರ್ಟರಿನ ಮೇಲೆ ಇನ್ನೊಂದು ಭಾರ. ಯುಎಸ್‌ಬಿಯ 5 ವೋಲ್ಟಿನಲ್ಲೇ ನಡೆಯುವ 2.5 ಇಂಚಿನದು ನಿಮಿಷ ಕಳೆಯುತ್ತಲೇ ಮೃದುವಾಗಿ ಸದ್ದು ಇಳಿಸಿ ನಿಂತಿತು. ಅದೇ ಮಾದರಿಯ ಹೊಸದನ್ನು ಕೊಂಡೆ.

ಮನೆಯಲ್ಲಿ ಅವಧಿಯನ್ನು 20 ನಿಮಿಷಕ್ಕೆ ಇಟ್ಟಿದ್ದೇನೆ. ಬೇಗ ನಿಂತಷ್ಟೂ ಒಳ್ಳೆಯದೆಂದು ಕೆಲವರು 1 ನಿಮಿಷ ಇಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಿಂತ ಡಿಸ್ಕು ಹೊರಡುವಾಗಲೇ ಮೋಟಾರು ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಮತ್ತು ಒಂದು ವಿಡಿಯೊದಿಂದ ಇನ್ನೊಂದಕ್ಕೆ ಹೋಗುವ ನಡುವೆಯೂ ನಿಂತು ನಿಂತು ಹೊರಡುವುದು ಯಂತ್ರಕ್ಕೂ ನೋಡುವವರಿಗೂ ಹಿತವಲ್ಲ. ಇಷ್ಟಾದರೂ ಮೊದಮೊದಲು ಡಿಸ್ಕು ನಡುರಾತ್ರಿ ಎಚ್ಚರಗೊಳ್ಳುತ್ತಿತ್ತು. ಕಡತಗಳ ಸೂಚಿ ತಯಾರಿಸುವ ಹಿನ್ನೆಲೆಯ ತಂತ್ರಾಂಶವೊಂದು ಅದನ್ನು ತಡಕುತ್ತಿರುವುದು ಗೊತ್ತಾಗಿ, ಆ ಫೋಲ್ಡರನ್ನು ಅದರ ಪಟ್ಟಿಯಿಂದ ತೆಗೆದೆ. ಈಗ ಆಟ ನೋಡಬೇಕೆಂದಾಗ ಭಾಗವತರ ದನಿ ಕೇಳಲು ಕೆಲವು ಸೆಕೆಂಡು ಕಾಯಬೇಕಾಗುತ್ತದೆ, ಅದನ್ನು ಮನೆಯವರಿಗೆಲ್ಲ ಮೊದಲೇ ತಿಳಿಸಿದ್ದೇನೆ.