ಎರಡು ನಿಮಿಷದ ಲಾಗಿನ್ ಎಂಟು ಸೆಕೆಂಡಿಗೆ ಇಳಿಯಿತು

ಸಿಕ್ಕಿತು! ಮೂರು ವಾರ ತಲೆ ತಿಂದ ಸಮಸ್ಯೆ ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಗೆಹರಿಯಿತು.

ಮನೆಯ ಪಿಸಿಗಳ ಲಾಗಿನ್ನನ್ನೆಲ್ಲ ಒಂದೇ ಕಡೆ ನೋಡಿಕೊಳ್ಳಲಿ ಅಂತ ಹಳೇ ಥಿನ್ ಕ್ಲೈಂಟ್ (ಪುಟ್ಟ ಕಂಪ್ಯೂಟರ್) ಮೇಲೆ ಸಾಂಬಾ ಎಂಬ ಸಾಫ್ಟ್‌ವೇರಿನಿಂದ ಡೊಮೇನ್ ಕಟ್ಟಿದ್ದು, ನಾಲ್ಕು ವಿಂಡೋಸ್ ಪಿಸಿಗಳನ್ನು ಅದಕ್ಕೆ ಜಾಯಿನ್ ಮಾಡಿದ್ದು ಮಾಮೂಲಿ ದಾರಿಯಲ್ಲೇ, ಬಿಡಿ. ತೊಂದರೆ ಶುರುವಾದದ್ದು ಆಮೇಲೆ. ಪಾಸ್‌ವರ್ಡ್ ಕೊಟ್ಟರೆ 2 ನಿಮಿಷ 10 ಸೆಕೆಂಡ್ ಚಕ್ರ ಸುತ್ತುತ್ತಿತ್ತು. ಒಳಗೆ ಹೋದರೆ ಶೇರ್ಡ್ ಡ್ರೈವ್ ಮೇಲೆ ಕೆಂಪು ಗುರುತು. ‘ಡಿಕಾಕ್ಷನ್ ಇಳಿದು ಕಾಫಿನೂ ಆಯ್ತು, ನಿಂದಿನ್ನೂ ಸುತ್ತುತ್ತಾನೇ ಇದೆಯಲ್ಲೋ’ ಅಂದರು ಅಮ್ಮ.

ಮೊದಲು ಗಡಿಯಾರದ ಮೇಲೆ ಅನುಮಾನ ಬಂತು. ಲಾಗಿನ್ ವೇಳೆ ಗುರುತು ಪರೀಕ್ಷಿಸುವ ಕರ್ಬರೋಸ್, ಪಿಸಿ ಮತ್ತು ಸರ್ವರ್ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಸಹಿಸುವುದಿಲ್ಲ. ನೋಡಿದರೆ ಸಮಯ ಸರಿಯಾಗಿಯೇ ಇತ್ತು. ಆಮೇಲೆ ಕೇಬಲ್. ‘ಪೂರ್ತಿ ತಾಮ್ರ ಸಾರ್’ ಅಂತ ಅಂಗಡಿಯವರು ಕೊಟ್ಟ ಕ್ಯಾಟ್ 6 ಕೇಬಲನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ! ಇಂಥ ಮೋಸಕ್ಕೆ ಇನ್ನೂ ಸಿಟ್ಟಿದೆ. ಬದಲಾಯಿಸಿದೆ. ಲಾಗಿನ್ ಮಾತ್ರ ಒಂದು ಸೆಕೆಂಡೂ ಕಡಿಮೆಯಾಗಲಿಲ್ಲ.

ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್‌ಎಸ್ ಅನ್ನೂ ನೋಡದೆ ಬಿಟ್ಟಿರಲಿಲ್ಲ. ರೂಟರಿನ ಡಿಎಚ್‌ಸಿಪಿ (ಪಿಸಿಗಳಿಗೆ ವಿಳಾಸ ಹಂಚುವ ಸೇವೆ) ಆಫ್ ಮಾಡಿ, ಥಿನ್ ಕ್ಲೈಂಟಿನಿಂದಲೇ ವಿಳಾಸ ಹಂಚುತ್ತಿದ್ದೆ. ಡಿಎನ್‌ಎಸ್ ಅಂತ ಡೊಮೇನ್ ಕಂಟ್ರೋಲರ್ (ಡೊಮೇನ್ ನಡೆಸುವ ಅದೇ ಥಿನ್ ಕ್ಲೈಂಟ್) ಒಂದನ್ನೇ ಕೊಟ್ಟಿದ್ದೆ. ಎರಡನೆಯದಾಗಿ, ನನ್ನ ಡೊಮೇನ್ ಗೊತ್ತೇ ಇಲ್ಲದ ಗೂಗಲ್‌ನ 8.8.8.8 ಹಾಕುವ ತಪ್ಪು ಮಾಡಿರಲಿಲ್ಲ.

ಸುಳಿವು ಕೊಟ್ಟದ್ದು ಕರೆಂಟು. ಹೋಗಿ ಬಂದ ಕೂಡಲೇ ಲಾಗಿನ್ ಆದರೆ ಸಲೀಸು, ಹತ್ತು ನಿಮಿಷ ಕಳೆದರೆ ಮತ್ತೆ ಅದೇ ಗೋಳು. ಹಾಗಾದರೆ ತಡವಾಗಿ ಏಳುವುದು ಯಾವುದು? ಫೈಬರ್ ರೂಟರ್! ಎನ್‌ಎಸ್‌ಲುಕಪ್ (ಡಿಎನ್‌ಎಸ್ ಪರೀಕ್ಷಿಸುವ ಕಮಾಂಡ್) ಹೊಡೆದು, ಈ ಸಲ ಉತ್ತರ ಬಿಟ್ಟು ಮೊದಲ ಸಾಲು ಓದಿದೆ. ಸರ್ವರ್ ಅನ್ನುವ ಕಡೆ ನನ್ನ ಡೊಮೇನ್ ಕಂಟ್ರೋಲರಿನ 192.168 ವಿಳಾಸ ಇರಲಿಲ್ಲ, ಎಫ್‌ಇ80 ಅಂತ ಶುರುವಾಗುವ ಐಪಿವಿ6 (ಹೊಸ ಬಗೆಯ ಇಂಟರ್‌ನೆಟ್) ವಿಳಾಸ, ಅಂದರೆ ರೂಟರಿನದು, ಕೂತಿತ್ತು.

ನಡೆದದ್ದು ಇಷ್ಟು. ಫೈಬರ್ ಲಿಂಕ್ ಬಂದ ಮೇಲೆ ರೂಟರ್ ತನ್ನನ್ನೇ ಡಿಎನ್‌ಎಸ್ ಅಂತ ಐಪಿವಿ6 ರೂಟರ್ ಅಡ್ವರ್ಟೈಸ್‌ಮೆಂಟಿನಲ್ಲಿ (ಆರ್‌ಎ, ರೂಟರ್ ಎಲ್ಲ ಪಿಸಿಗಳಿಗೂ ಕಳಿಸುವ ಪ್ರಕಟಣೆ) ಸಾರುತ್ತದೆ. ಇದಕ್ಕೆ ಡಿಎಚ್‌ಸಿಪಿಯ ಹಂಗೇ ಇಲ್ಲ. ವಿಂಡೋಸ್ 10 ಇದನ್ನು 2017ರ 1703 ಆವೃತ್ತಿಯಿಂದ ಪಾಲಿಸುತ್ತದೆ, ಐಪಿವಿ6 ಸರ್ವರನ್ನೇ ಮೊದಲು ಕೇಳುತ್ತದೆ. ‘ಡೊಮೇನ್ ಕಂಟ್ರೋಲರ್ ಎಲ್ಲಿ?’ ಎಂಬ ಎಸ್‌ಆರ್‌ವಿ ಪ್ರಶ್ನೆ ರೂಟರಿಗೆ ಹೋಗುತ್ತದೆ. ಅದು ‘ಅಂಥ ಹೆಸರೇ ಇಲ್ಲ’ ಅನ್ನುತ್ತದೆ. ಉತ್ತರವೇ ಬಾರದಿದ್ದರೆ ಪಿಸಿ ಮುಂದಿನ ಸರ್ವರನ್ನು ಕೇಳುತ್ತಿತ್ತು. ‘ಇಲ್ಲ’ ಅನ್ನುವುದೂ ಉತ್ತರವೇ, ಹಾಗಾಗಿ ಅಲ್ಲಿಗೇ ನಿಲ್ಲುತ್ತದೆ. ಮತ್ತೆ ಮತ್ತೆ ಹುಡುಕಿ ಸೋತು, ಕೊನೆಗೆ ಕ್ಯಾಶ್‌ನಲ್ಲಿದ್ದ ಹಳೇ ಪರಿಚಯದ ಮೇಲೆ ಒಳಗೆ ಬಿಡುತ್ತದೆ. ಕೆಂಪು ಗುರುತಿನ ಗುಟ್ಟೂ ಇದೇ.

ರೂಟರಿನಲ್ಲಿ ಇದನ್ನು ನಿಲ್ಲಿಸೋಣವೆಂದರೆ ಇಂಟರ್‌ನೆಟ್ ಕಂಪನಿ ಆ ಪುಟಕ್ಕೇ ಬೀಗ ಹಾಕಿದೆ. ಮೂರು ಸಲ ಫೋನ್ ಮಾಡಿದರೂ ‘ರೀಸ್ಟಾರ್ಟ್ ಮಾಡಿ ನೋಡಿ ಸರ್’. ಐಪಿವಿ6 ಪೂರ್ತಿ ಕಿತ್ತುಹಾಕಲು ನನಗೆ ಮನಸ್ಸಿಲ್ಲ, ಅದು ಬೇಕು. ಸದ್ಯಕ್ಕೆ ಪ್ರತಿ ಪಿಸಿಯಲ್ಲೂ ನೆಟ್‌ಶೆಲ್ (ವಿಂಡೋಸ್‌ನ ನೆಟ್‌ವರ್ಕ್ ಕಮಾಂಡ್) ತೆರೆದು ‘ಆರ್‌ಎ ಬೇಸ್ಡ್ ಡಿಎನ್‌ಎಸ್ ಕಾನ್ಫಿಗ್’ ಡಿಸೇಬಲ್ ಮಾಡಿ, ಡಿಎನ್‌ಎಸ್ ಕ್ಯಾಶ್ ಫ್ಲಶ್ ಮಾಡಿದೆ. ಲಾಗ್‌ಔಟ್, ಲಾಗಿನ್. 8 ಸೆಕೆಂಡ್! ಮತ್ತೆ ಮಾಡಿದೆ. 8. ಡ್ರೈವ್ ಹಸಿರು.

ಶಾಶ್ವತ ಪರಿಹಾರಕ್ಕೆ ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆಂದೇ ಇರುವ ಮುಕ್ತ ಸಾಫ್ಟ್‌ವೇರ್) ಹಾಕಿದ ಸ್ವಂತ ರೂಟರನ್ನು ನಡುವೆ ಕೂರಿಸುತ್ತೇನೆ. ಡೊಮೇನ್ ಕಂಟ್ರೋಲರಿಗೆ ಎಫ್‌ಡಿಯಿಂದ ಶುರುವಾಗುವ ಖಾಸಗಿ ಐಪಿವಿ6 ವಿಳಾಸ ಕೊಟ್ಟು, ಅದನ್ನೇ ಡಿಎನ್‌ಎಸ್ ಅಂತ ಸಾರಿಸುವುದು.

ಗಡಿಯಾರದ ಮಾತು ಬಂತಲ್ಲ, ಅಲ್ಲಿಂದ ಇನ್ನೊಂದು ಆಸೆ ಹುಟ್ಟಿದೆ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜಿಪಿಎಸ್ ಮಾಡ್ಯೂಲ್ ಕಟ್ಟಿ ಮನೆಗೇ ಒಂದು ಟೈಮ್ ಸರ್ವರ್. ಸೆಕೆಂಡಿಗೊಂದು ಪಲ್ಸ್ ಕೊಡುವ ಪಿನ್ ಹೊರಗೆ ತೆಗೆದಿರುವ ಬೋರ್ಡೇ ಬೇಕು. ಮೊದಲು ತರಿಸಿದ್ದರಲ್ಲಿ ಆ ಪಿನ್ನೇ ಇರಲಿಲ್ಲ, ವಾಪಸ್ ಕಳಿಸಿದ್ದೇನೆ. ಮಹಡಿಯ ಕಿಟಕಿಯಲ್ಲಿ ಆಂಟೆನಾಗೆ ಜಾಗ ಮಾತ್ರ ಆಗಲೇ ಅಳತೆ ಮಾಡಿಟ್ಟಿದ್ದೇನೆ.